ಮಂಚ ಕೊಳ್ಳುವ ಮುನ್ನ ಅದರ ಕೆಳಗೆ ಇಣುಕಿ

[ದೃಶ್ಯ: ಪೀಠೋಪಕರಣ ಮಳಿಗೆ. ನಿರೂಪಕಿ ಮೊಣಕಾಲೂರಿ ಮಂಚದ ಕೆಳಗೆ ಟಾರ್ಚ್ ಬಿಡುತ್ತಿದ್ದಾರೆ.]

ನಮಸ್ಕಾರ. ಮಂಚದ ಅಂಗಡಿಗೆ ಹೋದವರ ಕಣ್ಣು ಮೊದಲು ಬೀಳುವುದು ತಲೆಭಾಗದ ಹಲಗೆಯ ಮೇಲೆ. ಕೆತ್ತನೆ, ಕುಶನ್, ಹೊಳಪು ಎಲ್ಲವನ್ನೂ ಅಲ್ಲೇ ಸುರಿದಿರುತ್ತಾರೆ. ಆದರೆ ನಿಮ್ಮ ಭಾರವನ್ನು ಹೊರುವುದು ಕೆಳಗಿನ ಅಡ್ಡಪಟ್ಟಿ, ಕಾಲು ಮತ್ತು ಮೂಲೆಯ ಜೋಡಣೆ. ಅಂಗಡಿಯವರು ಏನಾದರೂ ಅಂದುಕೊಳ್ಳಲಿ, ಹಾಸಿಗೆ ಎತ್ತಿಸಿ ಒಳಗೆ ನೋಡಿ.

[ದೃಶ್ಯ: ಎರಡು ಹಲಗೆಗಳ ಅಂಚು, ತೀರಾ ಹತ್ತಿರದಿಂದ.]

ಮೊದಲು ಮರದ ವಿಚಾರ. ಚೀಟಿಯಲ್ಲಿ ‘ಟೀಕ್ ಫಿನಿಶ್’ ಎಂದಿದ್ದರೆ ಅದು ಬರಿಯ ಬಣ್ಣ, ತೇಗವಲ್ಲ. ಅನುಮಾನವಿದ್ದರೆ ಅಂಚನ್ನು ನೋಡಿ. ಅಪ್ಪಟ ಮರವಾದರೆ ಮೇಲಿನ ಗೆರೆಗಳು ಅಂಚಿನಲ್ಲಿ ಇಳಿದು ಪಕ್ಕಕ್ಕೂ ಹರಿದಿರುತ್ತವೆ. ಲ್ಯಾಮಿನೇಟ್ ಆದರೆ ಅಂಚಿಗೆ ಬೇರೆಯೇ ಪಟ್ಟಿ ಅಂಟಿಸಿರುತ್ತಾರೆ. ಉಗುರು ಆಡಿಸಿದರೆ ಸಂದು ಸಿಗುತ್ತದೆ.

ತೇಗದಲ್ಲಿ ಸಹಜವಾಗಿಯೇ ಎಣ್ಣೆಯಂಶವಿದೆ, ಗೆದ್ದಲು ಬೇಗ ಹತ್ತುವುದಿಲ್ಲ. ಆದರೆ ಆ ಗುಣವೆಲ್ಲ ಇರುವುದು ಕೆಚ್ಚಿನಲ್ಲಿ, ಅಂದರೆ ಕಾಂಡದ ನಡುವಿನ ಗಾಢ ಬಣ್ಣದ ಬಲಿತ ಭಾಗದಲ್ಲಿ. ಸುತ್ತಲಿನ ಬಿಳಿಭಾಗ ತೇಗದ್ದೇ ಆಗಿದ್ದರೂ ಹುಳು ಬಿಡುವುದಿಲ್ಲ. ಪಾಲಿಶ್ ಹಚ್ಚಿದ ಮೇಲೆ ಯಾವುದು ಕೆಚ್ಚು, ಯಾವುದು ಬಿಳಿ ಎಂದು ಹೇಳುವುದು ಕಷ್ಟ. ತಳದ ಪಟ್ಟಿಗಳಿಗೆ ಮಾತ್ರ ಸಾಮಾನ್ಯವಾಗಿ ಪಾಲಿಶ್ ಬಿದ್ದಿರುವುದಿಲ್ಲ, ಬಣ್ಣ ಬಯಲಾಗುವುದು ಅಲ್ಲಿಯೇ. ಬಡಗಿಯಿಂದ ಮಾಡಿಸುವುದಾದರೆ ಪಾಲಿಶ್‌ಗೆ ಮುಂಚೆ ಒಮ್ಮೆ ಹೋಗಿ ಬನ್ನಿ.

ತೇಗವೇ ಆಗಬೇಕೆಂಬ ಹಟವೇನೂ ನನಗಿಲ್ಲ. ಕರಾವಳಿ, ಮಲೆನಾಡಿನ ಕಡೆ ಬಲಿತ ಹಲಸಿನ ಮರ ಸಿಕ್ಕರೆ ಬಿಡಬೇಡಿ. ಹೊಸದರಲ್ಲಿ ಅರಿಸಿನದ ಬಣ್ಣವಿರುತ್ತದೆ, ವರ್ಷಗಳು ಕಳೆದಂತೆ ಕಂದಾಗುತ್ತದೆ. ಗೆದ್ದಲಿಗೂ ಚೆನ್ನಾಗಿಯೇ ತಡೆಯೊಡ್ಡುತ್ತದೆ. ಆನ್‌ಲೈನ್ ಮಳಿಗೆಗಳಲ್ಲಿ ಹೆಚ್ಚು ಕಾಣುವ ಶೀಷಮ್, ನಮ್ಮ ಬೀಟೆಯ ಹತ್ತಿರದ ಸಂಬಂಧಿ, ಗಟ್ಟಿ ಮರ. ರಬ್ಬರ್ ಮರವೂ ಕೆಟ್ಟದ್ದಲ್ಲ. ಹಾಲು ಕಡಿಮೆಯಾದ ಮೇಲೆ, ಸುಮಾರು 25–30 ವರ್ಷಕ್ಕೆ ಕಡಿದ ಮರಗಳವು. ಬೋರಾನ್ ಉಪಚಾರ ಆಗಿದೆಯೇ ಎಂದು ಮಾತ್ರ ಕೇಳಿ. ಆಗಿರದಿದ್ದರೆ ಹುಳುಗಳಿಗೆ ಹಬ್ಬ.

ಅಜ್ಜನ ಕಾಲದ ಬೀಟೆ ಮಂಚ ಮನೆಯಲ್ಲಿದ್ದರೆ ಈ ವಿಡಿಯೋವನ್ನು ಇಲ್ಲಿಗೇ ನಿಲ್ಲಿಸಬಹುದು. ಇಂದಿನ ಸಿದ್ಧ ಹಾಸಿಗೆ ಅದಕ್ಕೆ ಕೂರುವುದಿಲ್ಲ ಎಂದು ಮಾರಿಬಿಡುವವರಿದ್ದಾರೆ. ಅಳತೆ ಕೊಟ್ಟು ಹಾಸಿಗೆಯನ್ನೇ ಮಾಡಿಸಿ, ಮಂಚವನ್ನು ಉಳಿಸಿಕೊಳ್ಳಿ.

[ದೃಶ್ಯ: ಪಾರ್ಟಿಕಲ್ ಬೋರ್ಡಿನ ತುಂಡಿಗೆ ಸ್ಕ್ರೂ ಹಾಕಿ, ತೆಗೆದು, ಮತ್ತೆ ಹಾಕುವುದು. ಪುಡಿ ಉದುರುತ್ತದೆ.]

ಇದನ್ನು ಗಮನಿಸಿ. ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಮೊದಲ ಸಲ ಸ್ಕ್ರೂ ಹಿಡಿಯುತ್ತದೆ. ಬಿಚ್ಚಿ ಮತ್ತೆ ಹಾಕಿದರೆ ಹಿಡಿತ ಸಡಿಲ. ಹನ್ನೊಂದು ತಿಂಗಳ ಕರಾರು ಮುಗಿಯುತ್ತಲೇ ಮನೆ ಬದಲಿಸುವ ಬೆಂಗಳೂರಿನ ಬಾಡಿಗೆದಾರರು ಇದರ ಸಹವಾಸಕ್ಕೆ ಹೋಗದಿರುವುದು ಲೇಸು. ಪ್ಲೈವುಡ್ ಇದಕ್ಕಿಂತ ಎಷ್ಟೋ ಮೇಲು. ಅದರಲ್ಲೂ ಎಂಆರ್ (ತೇವ ತಾಳುವ) ದರ್ಜೆಗಿಂತ ಬಿಡಬ್ಲ್ಯುಆರ್ (ಕುದಿನೀರನ್ನೂ ತಾಳುವ) ದರ್ಜೆ ತೇವವನ್ನು ಹೆಚ್ಚು ತಡೆಯುತ್ತದೆ. ಹಲಗೆಯ ಮೇಲೆ ಐಎಸ್ 303, ಅಂದರೆ ಪ್ಲೈವುಡ್‌ನ ಭಾರತೀಯ ಮಾನದಂಡದ ಗುರುತು ಇದೆಯೇ ನೋಡಿಕೊಳ್ಳಿ.

ಮನೆ ಬದಲಿಸುವವರಿಗೆ ನನ್ನ ಆಯ್ಕೆ ಬೋಲ್ಟ್ ಹಾಕಿದ ಕಬ್ಬಿಣದ ಮಂಚ. ತಿಗಣೆಗೂ ಅಡಗಲು ಅಷ್ಟಾಗಿ ಸಂದು ಸಿಗುವುದಿಲ್ಲ. ಪೈಪಿನ ದಪ್ಪ ಕೇಳಿ: 16 ಗೇಜ್ ಎಂದರೆ ಸುಮಾರು 1.6 ಮಿ.ಮೀ., 18 ಗೇಜ್ ಎಂದರೆ 1.2 ಮಿ.ಮೀ. ಸಂಖ್ಯೆ ಏರಿದಷ್ಟೂ ತಗಡು ತೆಳು! ಮಂಗಳೂರು, ಕಾರವಾರದವರು ವೆಲ್ಡಿಂಗ್ ಮಾಡಿದ ಜಾಗಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಅಲ್ಲಿ ಬಣ್ಣ ತೆಳುವಾಗಿದ್ದರೆ ಕಡಲಿನ ಉಪ್ಪುಗಾಳಿಗೆ ತುಕ್ಕು ಅಲ್ಲಿಂದಲೇ ಶುರು.

[ದೃಶ್ಯ: ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ 10 ಅಡಿ ಕೋಣೆಯ ನಕ್ಷೆ.]

ಇನ್ನು ಅಳತೆ. ಕಿಂಗ್ ಅಂದರೆ ಸಾಮಾನ್ಯವಾಗಿ 72 ಇಂಚು ಅಗಲ, 78 ಉದ್ದ. ಕ್ವೀನ್ 60 ಇಂಚು ಅಗಲ. ಇದು ಹಾಸಿಗೆಯ ಲೆಕ್ಕ, ಚೌಕಟ್ಟಿಗೆ ಇನ್ನೂ ಮೂರು ನಾಲ್ಕು ಇಂಚು ಸೇರಿಸಿ. ಹತ್ತು ಅಡಿ ಅಗಲದ ಕೋಣೆಯ ನಡುವೆ ಕಿಂಗ್ ಇಟ್ಟರೆ ಎರಡೂ ಬದಿ ಎರಡೆರಡು ಅಡಿಯೂ ಉಳಿಯುವುದಿಲ್ಲ. ಪಕ್ಕದಲ್ಲಿ ಬೀರು ಇದ್ದರೆ ಅದರ ಬಾಗಿಲು ಅರ್ಧಕ್ಕೇ ಮಂಚಕ್ಕೆ ಬಡಿಯುತ್ತದೆ. ತಲೆಭಾಗದ ಹಲಗೆ ಲಿಫ್ಟಿನಲ್ಲಿ ಹಿಡಿಯುತ್ತದೆಯೇ ಎಂಬುದನ್ನೂ ಈಗಲೇ ಅಳೆಯಿರಿ.

ಕೆಳಗೆ ಪೆಟ್ಟಿಗೆಯಿರುವ ಸ್ಟೋರೇಜ್ ಮಂಚ ಬೇಕೇ? ಬಯಲುಸೀಮೆಯ ಒಣಹವೆಯಲ್ಲಿ ಧಾರಾಳವಾಗಿ ಕೊಳ್ಳಿ. ತೀರ್ಥಹಳ್ಳಿಯಲ್ಲೋ ಕುಂದಾಪುರದಲ್ಲೋ ಮನೆಯಿದ್ದರೆ ಮಳೆಗಾಲದಲ್ಲಿ ಗಾಳಿಯಾಡದ ಆ ಪೆಟ್ಟಿಗೆಯೊಳಗಿನ ಕಂಬಳಿಗಳಿಗೆ ಬೂಷ್ಟು ಹಿಡಿಯುತ್ತದೆ. ಅಂಥ ಊರುಗಳಲ್ಲಿ ಎತ್ತರದ ಕಾಲು, ಸಂದು ಬಿಟ್ಟ ಪಟ್ಟಿಗಳ ಮಂಚವೇ ಸರಿ. ಫೋಮ್ ಹಾಸಿಗೆಯಾದರೆ ಪಟ್ಟಿಗಳ ನಡುವೆ ಮೂರು ಇಂಚಿಗಿಂತ ಹೆಚ್ಚು ಅಂತರ ಬೇಡ, ಹಾಸಿಗೆ ಕುಸಿಯುತ್ತದೆ. ಕ್ವೀನ್, ಕಿಂಗ್ ಅಳತೆಗೆ ನಡುವೆ ಒಂದು ಉದ್ದ ತೊಲೆ, ಅದಕ್ಕೆ ನೆಲ ಮುಟ್ಟುವ ಕಾಲು ಇರಲೇಬೇಕು.

[ದೃಶ್ಯ: ನಿರೂಪಕಿ ಮಂಚದ ಮೂಲೆ ಹಿಡಿದು ಅಲುಗಾಡಿಸುತ್ತಾರೆ.]

ಕೊನೆಗೆ ಹೀಗೆ ಮೂಲೆ ಹಿಡಿದು ಅಲುಗಾಡಿಸಿ, ಅಂಚಿನಲ್ಲಿ ಕುಳಿತು ಏಳಿ. ಅಂಗಡಿಯಲ್ಲೇ ಕಿರ್ರೆನ್ನುವ ಮಂಚ ಮನೆಗೆ ಬಂದು ಸುಮ್ಮನಾಗುವುದಿಲ್ಲ. ದರ ಕುದುರಿದ ಮೇಲೆ ಮರದ ಹೆಸರು, ಪ್ಲೈವುಡ್ ದರ್ಜೆ, ಪೈಪಿನ ದಪ್ಪ ಎಲ್ಲವನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಪಕ್ಕದ ಅಂಗಡಿಗೆ ನಡೆಯಿರಿ.