ಸುಮ್ಮನಿರುವ ಮಗುವನ್ನೂ ಕೇಳಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸಾಕು ಕುಟುಂಬದವರಿದ್ದೀರಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರಿದ್ದೀರಿ, ಶಿಕ್ಷಕರೂ ಇದ್ದೀರಿ. ಒಂದು ಮಾತನ್ನು ಒತ್ತಿ ಹೇಳಬೇಕು ಅಂತಲೇ ಬಂದಿದ್ದೇನೆ. ಮಗುವಿನ ಮನಸ್ಸಿಗೆ ಆಗಿರುವ ಆಘಾತವನ್ನು ಪರೀಕ್ಷಿಸುವಾಗ ದೊಡ್ಡವರನ್ನಷ್ಟೇ ಕೇಳಿ ಫೈಲ್ ಮುಚ್ಚಬೇಡಿ.

ನಮ್ಮಲ್ಲಿ ಫಾಸ್ಟರ್ ಕೇರ್‌ಗೆ, ಅಂದರೆ ಮಗುವನ್ನು ಬೇರೊಂದು ಕುಟುಂಬದಲ್ಲಿಟ್ಟು ನೋಡಿಕೊಳ್ಳುವುದಕ್ಕೆ, 2015ರ ಬಾಲ ನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಆಧಾರ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಮಗು ಒಂದು ಮನೆಗೆ ಬರುತ್ತದೆ. ಕಾಗದಗಳಲ್ಲಿ ಹೆಸರು, ವಯಸ್ಸು ಇರುತ್ತವೆ. ಯಾರ ದನಿ ಕೇಳಿದರೆ ಮುದುಡುತ್ತದೆ ಅನ್ನುವುದು ಇರುವುದಿಲ್ಲ. ಡಾಕ್ಟರು ಹಿಂದಿನ ಕತೆಯನ್ನು ಅಮ್ಮನಿಂದ ಕೇಳುವುದು ವಾಡಿಕೆ. ಇಲ್ಲಿ ಆ ಅಮ್ಮನಿಗೇ ಮಗುವಿನ ಪರಿಚಯ ಎರಡು ತಿಂಗಳದ್ದಿರಬಹುದು.

ಪಾಠದಲ್ಲಿ ಗಮನವಿಲ್ಲ, ಕೂತಲ್ಲಿ ಕೂರಲ್ಲ, ಸಣ್ಣದಕ್ಕೂ ರೇಗುತ್ತಾನೆ ಅಂತ ದೂರು ಬರುತ್ತದೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ ಅಂದುಬಿಡುವುದು ಸುಲಭ. ಆದರೆ ಬಾಗಿಲು ಸದ್ದಾದಾಗಲೆಲ್ಲ ತಿರುಗಿ ನೋಡುವ ಮಗು ಅಪಾಯಕ್ಕಾಗಿ ಕಾಯುತ್ತಿರಬಹುದು. ಕೆಟ್ಟ ಕನಸಿನಿಂದ ರಾತ್ರಿ ನಿದ್ದೆಯೇ ಇಲ್ಲದಿದ್ದರೆ ಹಗಲು ಗಮನ ಎಲ್ಲಿಂದ ಬರಬೇಕು? ಎರಡೂ ತೊಂದರೆ ಇರುವ ಮಕ್ಕಳೂ ಇದ್ದಾರೆ. ಯಾವಾಗ ಶುರುವಾಯಿತು, ಯಾವಾಗ ಜಾಸ್ತಿಯಾಗುತ್ತದೆ ಅಂತ ವಿಚಾರಿಸದೆ ಇದು ಬಿಡಿಸಿಕೊಳ್ಳುವುದಿಲ್ಲ.

ಗಲಾಟೆ ಮಾಡುವ ಮಗುವನ್ನು ಯಾರಾದರೂ ಆಸ್ಪತ್ರೆಗೆ ಕರೆತರುತ್ತಾರೆ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ, ಕೊಟ್ಟಷ್ಟು ತಿನ್ನುವ ‘ಒಳ್ಳೆ ಮಗು’ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಚಿಂತೆ ಹೆಚ್ಚು ಇದರದ್ದು. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆಯ ವಿಷಯದಲ್ಲಿ ಮಗುವಿನ ಉತ್ತರಕ್ಕೂ ದೊಡ್ಡವರ ಉತ್ತರಕ್ಕೂ ತಾಳೆಯಾಗುವುದು ಕಮ್ಮಿ. ಸಿಟ್ಟು ಹೊರಗೆ ಕಾಣುತ್ತದೆ. ಬೇಡವೆಂದರೂ ನುಗ್ಗಿ ಬರುವ ನೆನಪು, ‘ನನ್ನಿಂದಲೇ ಹೀಗಾಯಿತು’ ಅನ್ನುವ ಯೋಚನೆ ಮಗುವಿಗೆ ಮಾತ್ರ ಗೊತ್ತು. ಮಕ್ಕಳೇ ಉತ್ತರಿಸುವ ಪ್ರಶ್ನಾವಳಿಗಳಿವೆ. 7ರಿಂದ 17 ವರ್ಷದವರಿಗಿರುವ ‘ಕ್ಯಾಟ್ಸ್’ ಅಂಥದ್ದೊಂದು. ಅದು ಬರೀ ಜರಡಿ. ಅಂಕ ಜಾಸ್ತಿ ಬಂದರೆ ತರಬೇತಿ ಪಡೆದವರು ಕೂತು ಮಾತಾಡಿಯೇ ನಿರ್ಧರಿಸಬೇಕು.

“ಕೇಳಿದರೆ ಗಾಯ ಕೆದಕಿದ ಹಾಗೆ ಆಗಲ್ವಾ?” ಅಂತ ಸಾಕು ತಾಯಂದಿರು ಭಯಪಡುತ್ತಾರೆ. ನ್ಯಾಯವಾದ ಭಯ. ಆದರೆ ಇಡೀ ಘಟನೆಯನ್ನು ಹೇಳಿಸಬೇಕಿಲ್ಲ. ಪೊಲೀಸರ ಮುಂದೆ, ಸಮಿತಿ ಮುಂದೆ ಹೇಳಿ ಹೇಳಿ ಮಗು ದಣಿದಿರಬಹುದು. ಈಗಿನ ಕಷ್ಟ ಕೇಳಿ: ನಿದ್ದೆ ಬರುತ್ತಾ? ಯಾವ ಜಾಗಕ್ಕೆ ಹೋಗಲು ಭಯ? ಸ್ವಲ್ಪ ಹೊತ್ತು ಮಗುವನ್ನು ಒಂಟಿಯಾಗಿ ಮಾತಾಡಿಸಿ. ಹೇಳಿದರೆ ಈ ಮನೆಯಿಂದಲೂ ಕಳಿಸಿಬಿಡುತ್ತಾರೆ ಅನ್ನುವ ದಿಗಿಲು ಅದಕ್ಕಿರುತ್ತದೆ. “ಯಾರಿಗೂ ಹೇಳಲ್ಲ” ಅಂತ ಮಾತ್ರ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಅದನ್ನು ಮಾತು ಶುರುವಾಗುವ ಮೊದಲೇ ಮಗುವಿಗೆ ಹೇಳಿ.

ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಡಾಕ್ಟರು ಬಳಸುವ ಕೈಪಿಡಿಯಾದ 2013ರ ಡಿಎಸ್‌ಎಂ-5 ಪಿಟಿಎಸ್‌ಡಿಗೆ ಬೇರೆಯೇ ಅಳತೆಗೋಲು ಕೊಟ್ಟಿದೆ. ಅವರ ನೆನಪು ಆಟದಲ್ಲಿ ಕಾಣಬಹುದು. ಗೊಂಬೆಗೆ ಅದೇ ಏಟು, ಅದೇ ಬೈಗುಳ, ಮತ್ತೆ ಮತ್ತೆ.

ಅನಾಥಾಲಯದ ಮಕ್ಕಳಿಗೆ ಕುಟುಂಬ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನು ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ರಿಂದ 136 ಮಕ್ಕಳ ಮೇಲೆ ಅಧ್ಯಯನ ಮಾಡಿದರು. ನೋವಾದರೂ ಯಾರ ಹತ್ತಿರವೂ ಹೋಗದ ಲಕ್ಷಣ ಸಾಕು ಮನೆಯಲ್ಲಿ ಬೇಗ ಇಳಿಯಿತು. ಗುರುತಿಲ್ಲದವರ ಜೊತೆ ಹಿಂದೆ ಮುಂದೆ ನೋಡದೆ ಹೊರಟುಬಿಡುವ ಲಕ್ಷಣ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಹಾಗಾಗಿ ಯಾರ ತೊಡೆಯನ್ನಾದರೂ ಏರುವ ಮಗುವನ್ನು ಕಂಡು “ಬೇಗ ಹೊಂದಿಕೊಂಡಳು” ಅಂತ ವರದಿ ಬರೆಯಬೇಡಿ.

ಒಂದೇ ಭೇಟಿಯ ವರದಿಯೂ ಸಾಲದು. ಪಿಟಿಎಸ್‌ಡಿ ಅನ್ನಲು ಲಕ್ಷಣಗಳು ಒಂದು ತಿಂಗಳಿಗಿಂತ ಜಾಸ್ತಿ ಇರಬೇಕು. ಮನೆ ಬದಲಾದ ಮೊದಲ ವಾರಗಳ ಅಳುವಿಗೆ ಬೇರೆ ಕಾರಣಗಳೂ ಇರುತ್ತವೆ. ಕೆಲವು ತಿಂಗಳಾದ ಮೇಲೆ ಮತ್ತೆ ನೋಡಿ. ಮನೆ ಬದಲಾದರೆ ಹಳೆಯ ವರದಿ ಮಗುವಿನ ಜೊತೆಗೇ ಹೋಗಲಿ. ಹೊಸ ಡಾಕ್ಟರ ಮುಂದೆ ಮಗು ಎಲ್ಲವನ್ನೂ ಮೊದಲಿನಿಂದ ಹೇಳುವಂತೆ ಆಗಬಾರದು.