ಗೋಡೆಯ ಕ್ಯಾಲೆಂಡರೂ ನಮ್ಮ ರಜೆಯ ಲೆಕ್ಕವೂ

ಎಲ್ಲರಿಗೂ ನಮಸ್ಕಾರ.

ಹೊಸ ವರ್ಷದ ಕ್ಯಾಲೆಂಡರ್ ಗೋಡೆಗೆ ಏರಿದ ಕೂಡಲೇ ಎಲ್ಲರ ಕಣ್ಣೂ ಹುಡುಕುವುದು ಕೆಂಪು ಅಂಕಿಗಳನ್ನು. ಖಾಸಗಿ ಕೆಲಸದಲ್ಲಿರುವವರ ರಜೆಯ ಲೆಕ್ಕ ತಪ್ಪುವುದು ಇಲ್ಲಿಂದಲೇ. ಆ ಕೆಂಪು ಅಂಕಿಗಳು ರಾಜ್ಯ ಸರ್ಕಾರ ತನ್ನ ಕಚೇರಿಗಳಿಗೆಂದು ಹೊರಡಿಸುವ ಸಾರ್ವತ್ರಿಕ ರಜೆಯ ಪಟ್ಟಿಯವು. ಬ್ಯಾಂಕುಗಳ ಪಟ್ಟಿಗೆ ಆಧಾರ ಚೆಕ್ಕು, ಹುಂಡಿಗಳಿಗೆ ಸಂಬಂಧಿಸಿದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಬಟ್ಟೆ ಅಂಗಡಿ, ಹೋಟೆಲು, ಆಡಿಟರ್ ಕಚೇರಿ, ಸಾಫ್ಟ್‌ವೇರ್ ಕಂಪನಿ, ವರ್ಕ್‌ಶಾಪ್, ಇವುಗಳಲ್ಲಿ ದುಡಿಯುವವರಿಗೆ ಅವೆರಡೂ ಲಾಗೂ ಆಗುವುದಿಲ್ಲ. ಬಸವ ಜಯಂತಿಗೆ ತಾಲ್ಲೂಕು ಕಚೇರಿ ಮುಚ್ಚಿದೆಯೆಂದು ನಮ್ಮ ಅಂಗಡಿಯೂ ಮುಚ್ಚಬೇಕೆಂದಿಲ್ಲ.

ಹಾಗಾದರೆ ನಮ್ಮದು ಯಾವುದು? ಕರ್ನಾಟಕದಲ್ಲಿ ಇದಕ್ಕೆಂದೇ 1963ರ ಕಾಯ್ದೆಯೊಂದಿದೆ, ರಾಷ್ಟ್ರೀಯ ಮತ್ತು ಹಬ್ಬದ ರಜಾದಿನಗಳ ಕಾಯ್ದೆ. ಅದರ ಪ್ರಕಾರ ವರ್ಷಕ್ಕೆ ಹತ್ತು ದಿನ ಸಂಬಳ ಸಹಿತ ರಜೆ. ಐದು ದಿನಗಳನ್ನು ಕಾಯ್ದೆಯೇ ಗೊತ್ತುಮಾಡಿದೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಉಳಿದ ಐದು ಹಬ್ಬಗಳದ್ದು. ಅವು ಯಾವ ಹಬ್ಬಗಳೆಂದು ಮಾಲೀಕರು ಒಬ್ಬರೇ ಕೂತು ಬರೆದುಬಿಡುವಂತಿಲ್ಲ, ನೌಕರರನ್ನೂ ಕೇಳಬೇಕು. ಪಟ್ಟಿ ಕಾರ್ಮಿಕ ನಿರೀಕ್ಷಕರಿಗೆ ಹೋಗಬೇಕು, ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು.

ಈ ಕೇಳುವ ಶಾಸ್ತ್ರ ಬಹಳ ಕಡೆ ನಡೆಯುವುದೇ ಇಲ್ಲ. ಹಳೇ ವರ್ಷದ ಪಟ್ಟಿಯಲ್ಲಿ ತಾರೀಖು ಬದಲಿಸಿ ಅಂಟಿಸಿಬಿಡುತ್ತಾರೆ. ನಷ್ಟ ಯಾರಿಗೆ ಅಂತ ಈ ವರ್ಷದ, ಅಂದರೆ 2026ರ ಕ್ಯಾಲೆಂಡರಿನಲ್ಲೇ ನೋಡಿ. ನವೆಂಬರ್ 1 ಭಾನುವಾರ, ರಾಜ್ಯೋತ್ಸವದ ರಜೆ ವಾರದ ರಜೆಯಲ್ಲಿ ಕರಗಿಹೋಯಿತು. ಆಗಸ್ಟ್ 15 ಶನಿವಾರ, ವಾರಕ್ಕೆ ಐದೇ ದಿನ ಕೆಲಸವಿರುವವರಿಗೆ ಅದೂ ಹೋಯಿತು. ಗೊತ್ತುಪಡಿಸಿದ ಐದು ತಾರೀಖುಗಳನ್ನು ನಾವು ಅಲುಗಾಡಿಸಲಾಗದು. ಅವು ಭಾನುವಾರ ಬಿದ್ದಾಗ ಕೆಲವು ಕಂಪನಿಗಳು ಬದಲಿ ದಿನ ಕೊಡುತ್ತವೆ, ಬಹಳಷ್ಟು ಕೊಡುವುದಿಲ್ಲ. ನಿಮ್ಮ ಕಂಪನಿಯ ನಿಯಮದಲ್ಲಿ ಬರೆದಿಲ್ಲವಾದರೆ ಸಿಗದೆಂದೇ ತಿಳಿದು ಯೋಜನೆ ಮಾಡಿ. ಆರಿಸುವ ಐದರ ವಿಷಯ ಬೇರೆ, ಅವು ನಮ್ಮ ಕೈಯಲ್ಲಿವೆ. ಈ ಸಲ ನರಕ ಚತುರ್ದಶಿ ನವೆಂಬರ್ 8, ಭಾನುವಾರ. ಅದನ್ನು ಪಟ್ಟಿಗೆ ಸೇರಿಸಿದರೆ ಐದರಲ್ಲಿ ಒಂದನ್ನು ನೀರಿಗೆ ಹಾಕಿದಂತೆ. 10ನೇ ತಾರೀಖು ಮಂಗಳವಾರದ ಬಲಿಪಾಡ್ಯಮಿಯನ್ನು ಸೇರಿಸಿದರೆ ಅದೇ ದೀಪಾವಳಿ, ಆದರೆ ರಜೆ ಉಳಿಯಿತು. ಮುಂದಿನ ವರ್ಷದ ಪಟ್ಟಿಗೆ ಡಿಸೆಂಬರಿನಲ್ಲಿ ಹತ್ತು ನಿಮಿಷ ಕೂತು ಹಬ್ಬಗಳ ಮುಂದೆ ವಾರ ಬರೆದುಕೊಂಡರೆ ಸಾಕು, ಒಂದೋ ಎರಡೋ ದಿನ ಉಳಿಯುತ್ತದೆ.

ರಜೆಯ ದಿನವೇ ಕೆಲಸಕ್ಕೆ ಕರೆದರೆ? ಕರೆಯಬಹುದು. ಹೋಟೆಲಿನವರೂ ಆಸ್ಪತ್ರೆಯವರೂ ಬಾಗಿಲು ಹಾಕಲಾದೀತೇ. ಆಗ ಎರಡರಷ್ಟು ಸಂಬಳ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಇನ್ನೊಂದು ದಿನ ಸಂಬಳ ಸಹಿತ ರಜೆ. 'ಆಮೇಲೆ ಯಾವಾಗಲಾದರೂ ತಗೊಳ್ಳಪ್ಪ' ಎಂದ ಬದಲಿ ರಜೆ ಸಾಮಾನ್ಯವಾಗಿ ಬರುವುದೇ ಇಲ್ಲ. ಕೆಲಸ ಮಾಡಿದ ವಾರದಲ್ಲೇ ಬದಲಿ ದಿನದ ತಾರೀಖನ್ನು ಒಂದು ಮೇಲ್‌ನಲ್ಲೋ ವಾಟ್ಸಾಪಿನಲ್ಲೋ ಬರೆಸಿಕೊಳ್ಳಿ. ಚುನಾವಣೆಯ ದಿನ ಈ ಹತ್ತರಲ್ಲಿ ಸೇರಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 135-ಬಿ ಕಲಮಿನಡಿ ಮತದಾರರಿಗೆ ಅದು ಪ್ರತ್ಯೇಕ ಸಂಬಳದ ರಜೆ.

ಇಲ್ಲಿಯವರೆಗೆ ಹೇಳಿದ್ದು ಸಂಸ್ಥೆಗೆ ಸಂಸ್ಥೆಯೇ ಮುಚ್ಚುವ ದಿನಗಳ ಮಾತು. ನಾವು ಅರ್ಜಿ ಹಾಕಿ ತೆಗೆದುಕೊಳ್ಳುವ ರಜೆಯ ಖಾತೆಯೇ ಬೇರೆ. ಅಂಗಡಿ, ಕಚೇರಿಗಳಿಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರಲ್ಲಿ ಎರಡು ಡಬ್ಬಿಗಳಿವೆ ಅಂದುಕೊಳ್ಳಿ.

ಮೊದಲ ಡಬ್ಬಿ ಗಳಿಕೆ ರಜೆ, ಇ.ಎಲ್. ಇಪ್ಪತ್ತು ದಿನ ಕೆಲಸ ಮಾಡಿದರೆ ಒಂದು ದಿನ. ಇದನ್ನು 'ವರ್ಷಕ್ಕೆ ಹದಿನೆಂಟು' ಎಂದು ತಿಳಿದವರು ಬಹಳ, ಏಕೆಂದರೆ 365ನ್ನು ಇಪ್ಪತ್ತರಿಂದ ಭಾಗಿಸಿದರೆ ಹದಿನೆಂಟು ಚಿಲ್ಲರೆ ಬರುತ್ತದೆ. ಆದರೆ ಕಾಯ್ದೆ ಎಣಿಸುವುದು ಕೆಲಸ ಮಾಡಿದ ದಿನಗಳನ್ನು. ವಾರಕ್ಕೆ ಆರು ದಿನ ದುಡಿಯುವವರ ಲೆಕ್ಕ ಹಾಕೋಣ: 365ರಲ್ಲಿ 52 ವಾರದ ರಜೆ, 10 ಹಬ್ಬದ ರಜೆ ಕಳೆದರೆ 303. ಅದರಲ್ಲಿ 12 ದಿನ ಸಣ್ಣಪುಟ್ಟ ರಜೆ, 14 ದಿನ ಗಳಿಕೆ ರಜೆ ಬಳಸಿದ್ದರೆ ಉಳಿದದ್ದು 277. ಇಪ್ಪತ್ತರಿಂದ ಭಾಗಿಸಿದರೆ ಹದಿಮೂರು ಮುಕ್ಕಾಲಿಗಿಂತ ತುಸು ಮೇಲೆ, ಅಂದರೆ ಹದಿನಾಲ್ಕರ ಹತ್ತಿರ. ವಾರಕ್ಕೆ ಐದು ದಿನದವರದು ಇದೇ ರೀತಿ ಲೆಕ್ಕ ಹಾಕಿದರೆ ಹನ್ನೊಂದು ಚಿಲ್ಲರೆ. ಹಾಗಾಗಿ ಕಂಪನಿ ಹದಿನೆಂಟು ಕೊಡುತ್ತಿದ್ದರೆ ಅದು ಕಾಯ್ದೆಗಿಂತ ಜಾಸ್ತಿ. ಹದಿನಾಲ್ಕು ಕೊಟ್ಟರೆ ಮೋಸವೆಂದು ಕೂಡಲೇ ಜಗಳಕ್ಕೆ ಹೋಗಬೇಡಿ, ಮೊದಲು ನಿಮ್ಮ ಹಾಜರಿ ಎಣಿಸಿ.

ಎರಡನೇ ಡಬ್ಬಿ ವರ್ಷಕ್ಕೆ ಹನ್ನೆರಡು ದಿನದ್ದು. ಕಾಯಿಲೆ, ಅಪಘಾತ ಅಥವಾ ಒಪ್ಪುವಂಥ ಬೇರೆ ಕಾರಣಕ್ಕೆ. ಕಂಪನಿಗಳು ಇದನ್ನೇ ಸಿ.ಎಲ್. (ಸಾಂದರ್ಭಿಕ ರಜೆ) ಆರು, ಎಸ್.ಎಲ್. (ಕಾಯಿಲೆ ರಜೆ) ಆರು ಎಂದು ಎರಡಾಗಿ ಒಡೆಯುವುದುಂಟು. ಇದು ಸಾಮಾನ್ಯವಾಗಿ ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ಗಳಿಕೆ ರಜೆ ಮಾತ್ರ 45 ದಿನದವರೆಗೆ ಕೂಡುತ್ತದೆ. ಮೊದಲು ಈ ಮಿತಿ 30 ಇತ್ತು. ಆದ್ದರಿಂದ ಎರಡು ದಿನ ಜ್ವರ ಬಂದರೆ, ಊರಲ್ಲಿ ನಾಮಕರಣ ಅಂದರೆ, ಮೊದಲು ಖರ್ಚಾಗಬೇಕಾದದ್ದು ಹನ್ನೆರಡರ ಡಬ್ಬಿ. ಬಹಳ ಮಂದಿ ಮಾಡುವುದು ತಿರುವುಮುರುವು: ಫೋನಿನ ಆ್ಯಪಿನಲ್ಲಿ ಮೇಲುಗಡೆ ಕಾಣುವ ಇ.ಎಲ್. ಒತ್ತಿಬಿಡುತ್ತಾರೆ, ಡಿಸೆಂಬರ್ 31ಕ್ಕೆ ಏಳು ಸಿ.ಎಲ್. ಹಾಗೇ ಬಿದ್ದುಹೋಗುತ್ತವೆ.

ಆಡಳಿತದ ಹುದ್ದೆಯಲ್ಲಿರುವ ಮ್ಯಾನೇಜರುಗಳಿಗೆ ಅಂಗಡಿ ಕಾಯ್ದೆ ಲಾಗೂ ಇಲ್ಲ. ಅವರ ರಜೆ ನೇಮಕಾತಿ ಪತ್ರದಲ್ಲಿ ಬರೆದಷ್ಟೇ.

ಕಾರ್ಖಾನೆಯವರ ವಿಷಯ ಈಚೆಗೆ ಬದಲಾಗಿದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ಕೆಲಸ ಮಾಡಿದ್ದರೆ ಮಾತ್ರ ಗಳಿಕೆ ರಜೆಯ ಹಕ್ಕು. 2025ರ ನವೆಂಬರ್ 21ರಿಂದ ಹಳೇ ಕಾರ್ಮಿಕ ಕಾಯ್ದೆಗಳ ಬದಲಿಗೆ ಕೇಂದ್ರದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಅದು 180 ದಿನಕ್ಕೆ ಇಳಿಯಿತು. ಇಪ್ಪತ್ತಕ್ಕೆ ಒಂದು ಎಂಬುದು ಹಾಗೇ ಇದೆ, ಮುಂದಕ್ಕೆ ಒಯ್ಯುವ ಮಿತಿ 30. ವರ್ಷದ ನಡುವೆ ಸೇರಿದವರಿಗೂ ಗುತ್ತಿಗೆಯವರಿಗೂ ಈ ಅರವತ್ತು ದಿನದ ವ್ಯತ್ಯಾಸ ದೊಡ್ಡದು. ಹೆರಿಗೆ ರಜೆ, ಕೆಲಸವಿಲ್ಲವೆಂದು ಮಾಲೀಕರು ತಾತ್ಕಾಲಿಕವಾಗಿ ಕೂರಿಸಿದ (ಲೇಆಫ್) ದಿನಗಳು, ಹಿಂದಿನ ವರ್ಷದ ಗಳಿಕೆ ರಜೆ ಬಳಸಿದ ದಿನಗಳು ಅರ್ಹತೆ ಎಣಿಸುವಾಗ ಲೆಕ್ಕಕ್ಕೆ ಬರುತ್ತವೆ, ಹೊಸ ರಜೆ ಗಳಿಸುವುದಕ್ಕೆ ಬರುವುದಿಲ್ಲ.

ಸರ್ಕಾರಿ ನೌಕರರ ಹಾದಿ ಬೇರೆ, ಎರಡೇ ಮಾತು ಹೇಳುತ್ತೇನೆ. ಜನವರಿಗೆ ಹದಿನೈದು, ಜುಲೈಗೆ ಹದಿನೈದು ಗಳಿಕೆ ರಜೆ ಜಮೆಯಾಗುತ್ತದೆ, ಗರಿಷ್ಠ 300 ದಿನ. 2019ರಲ್ಲಿ ನಾಲ್ಕನೇ ಶನಿವಾರ ರಜೆ ಸಿಕ್ಕಿತು, ಅದರ ಜೊತೆಗೇ ಸಾಂದರ್ಭಿಕ ರಜೆ ಹದಿನೈದರಿಂದ ಹತ್ತಕ್ಕೆ ಇಳಿಯಿತು. ಬೆಣ್ಣೆ ಕೊಟ್ಟು ಸುಣ್ಣ ಇಸಿದುಕೊಂಡರೋ ಸುಣ್ಣ ಕೊಟ್ಟು ಬೆಣ್ಣೆಯೋ ಎಂಬ ಚರ್ಚೆ ಅವರಲ್ಲೇ ಇನ್ನೂ ಮುಗಿದಿಲ್ಲ.

ಈಗ ಎಡವಟ್ಟುಗಳ ಕಡೆ ಬರೋಣ.

ಒಂದು, ಶುಕ್ರವಾರ ರಜೆ, ಸೋಮವಾರ ರಜೆ, ನಡುವಿನ ಶನಿವಾರ ಭಾನುವಾರಗಳನ್ನೂ ಸೇರಿಸಿ ನಾಲ್ಕು ದಿನ ಕತ್ತರಿಸುವುದು. 'ಸ್ಯಾಂಡ್‌ವಿಚ್' ಅಂತ ಕರೆಯುತ್ತಾರೆ. ಕಾರ್ಖಾನೆ ಕಾಯ್ದೆಯಲ್ಲಿ ಇದಕ್ಕೆ ಎಡೆಯೇ ಇರಲಿಲ್ಲ. ಗಳಿಕೆ ರಜೆಯ ನಡುವೆ ಬಂದ, ಆಚೆಈಚೆ ತಗುಲಿಕೊಂಡ ರಜಾದಿನಗಳನ್ನು ಎಣಿಸಬಾರದು ಎಂದು ಸ್ಪಷ್ಟವಾಗಿತ್ತು. ಕಚೇರಿಗಳಲ್ಲಿ ಇದು ಎಚ್.ಆರ್. ನಿಯಮದ ಪುಟದಲ್ಲಿ ಎಲ್ಲೋ ಸಣ್ಣಕ್ಷರದಲ್ಲಿರುತ್ತದೆ. ಟಿಕೆಟ್ ತೆಗೆಯುವ ಮೊದಲು ಆ ಸಾಲು ಓದಿ.

ಎರಡು, ಬಾಯಿಮಾತು. ರಜೆ ಕೇಳಿದಿರಿ, ಸಾಹೇಬರು 'ಈಗ ಆಗಲ್ಲ ಮಾರಾಯ' ಅಂದರು, ನೀವು ಸುಮ್ಮನಾದಿರಿ. ವರ್ಷದ ಕೊನೆಗೆ ಮಿತಿ ಮೀರಿದ ರಜೆ ರದ್ದಾಯಿತು. ಕಾರ್ಮಿಕರು ಸರಿಯಾದ ಹೊತ್ತಿಗೆ ಅರ್ಜಿ ಕೊಟ್ಟು, ಮಾಲೀಕರು ನಿರಾಕರಿಸಿದ್ದರೆ, ಆ ದಿನಗಳು ಮಿತಿಯ ಹಂಗಿಲ್ಲದೆ ಮುಂದಕ್ಕೆ ಹೋಗುತ್ತವೆ. ಇದು ಹಳೇ ಕಾರ್ಖಾನೆ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಆದರೆ ಅರ್ಜಿಯೂ ಇಲ್ಲ, ನಿರಾಕರಣೆಯೂ ಇಲ್ಲ ಅಂದರೆ ಯಾವುದನ್ನು ತೋರಿಸುತ್ತೀರಿ? ಬೇಡವೆನ್ನುತ್ತಾರೆಂದು ಗೊತ್ತಿದ್ದರೂ ಬರೆದೇ ಕೇಳಿ. ಹಳೇ ಕಾಯ್ದೆಯ ಹದಿನೈದು ದಿನ ಮೊದಲು ಎಂಬ ಗಡುವು ಈಗಲೂ ಒಳ್ಳೆಯ ಅಳತೆ.

ಮೂರು, ಭಾಜಕ. ತಿಂಗಳಿಗೆ 26,000 ರೂಪಾಯಿ ಸಂಬಳ ಅನ್ನಿ. ಒಂದು ದಿನ ಲಾಸ್ ಆಫ್ ಪೇ, ಅಂದರೆ ಸಂಬಳವಿಲ್ಲದ ರಜೆ, ಆದಾಗ 26ರಿಂದ ಭಾಗಿಸಿ 1,000 ಕಡಿಯುತ್ತಾರೆ. ಅದೇ ಒಂದು ದಿನ ರಜೆಯನ್ನು ನಗದು ಮಾಡಿಕೊಟ್ಟಾಗ 30ರಿಂದ ಭಾಗಿಸಿ 867 ಕೊಡುತ್ತಾರೆ, ಅದೂ ಎಷ್ಟೋ ಕಡೆ ಪೂರ್ತಿ ಸಂಬಳದ ಮೇಲಲ್ಲ, ಬೇಸಿಕ್ (ಮೂಲ ವೇತನ) ಮೇಲೆ ಮಾತ್ರ. ಹಾಕುವ ತಕ್ಕಡಿ ಒಂದು, ತೆಗೆಯುವ ತಕ್ಕಡಿ ಇನ್ನೊಂದು. ಸಂಬಳದ ಚೀಟಿಯಲ್ಲಿ ಇವೆರಡನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ.

ಕಾಯಿಲೆ ದೊಡ್ಡದಾದರೆ ಹನ್ನೆರಡು ದಿನ ಯಾವ ಮೂಲೆಗೆ? ತಿಂಗಳ ವೇತನ 21,000ದ ಒಳಗಿದ್ದವರಿಗೆ ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ, ಇದೆ. ವೈದ್ಯರ ಸರ್ಟಿಫಿಕೇಟ್ ಮೇಲೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇಕಡ 70 ಸಿಗುತ್ತದೆ. ಷರತ್ತು ಇಷ್ಟು: ಆರು ತಿಂಗಳ ವಂತಿಗೆಯ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದು ಜನವರಿಯಿಂದ ಜೂನ್‌ಗೆ ಉಪಯೋಗಕ್ಕೆ ಬರುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ಗೆ. ಮೊದಲ ಎರಡು ದಿನಕ್ಕೆ ಹಣವಿಲ್ಲ, ಆ ಎರಡಕ್ಕೆ ನಿಮ್ಮ ಸಿ.ಎಲ್. ಇಟ್ಟುಕೊಂಡಿರಬೇಕು. ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ ಎಂಟು ವಾರದವರೆಗೆ ತೆಗೆದುಕೊಳ್ಳಬಹುದು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಇದನ್ನು ಗಳಿಕೆ ರಜೆಯಿಂದ ಕಳೆಯುವ ಹಾಗಿಲ್ಲ. ಗರ್ಭಪಾತವಾದರೆ ಆರು ವಾರ. ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ, ಕೇಳಲು ಸಂಕೋಚ.

ಇನ್ನು ಯೋಜನೆ. ಶನಿವಾರ ಭಾನುವಾರ ಬಿಡುವಿದ್ದವರಿಗೆ ಈ ವರ್ಷ ಮೇ 1, ಅಕ್ಟೋಬರ್ 2, ಡಿಸೆಂಬರ್ 25 ಶುಕ್ರವಾರ, ಗಣೇಶ ಚತುರ್ಥಿ ಸೆಪ್ಟೆಂಬರ್ 14 ಸೋಮವಾರ. ಇವು ಪಟ್ಟಿಯಲ್ಲಿದ್ದರೆ ಒಂದೂ ರಜೆ ಖರ್ಚಿಲ್ಲದೆ ಮೂರು ಮೂರು ದಿನ. ಅವಕ್ಕೆ ಇ.ಎಲ್. ಅಂಟಿಸುವುದಕ್ಕಿಂತ ವಾರದ ನಡುವೆ ಬಿದ್ದ ಹಬ್ಬಕ್ಕೆ ಅಂಟಿಸುವುದು ಲಾಭ. ದೀಪಾವಳಿಗೆ ನವೆಂಬರ್ 9 ಸೋಮವಾರ ಒಂದೇ ದಿನ ಹಾಕಿದರೆ 7ರಿಂದ 10ರವರೆಗೆ ನಾಲ್ಕು ದಿನ. ಆದರೆ ಆ ಸೋಮವಾರ ಎಲ್ಲರಿಗೂ ಬೇಕು. ಎಂಟು ಜನರ ಕಚೇರಿಯಲ್ಲಿ ಆರು ಅರ್ಜಿ ಬಂದರೆ ಮೊದಲು ಕೊಟ್ಟವರಿಗೆ ಎಂಬ ಪದ್ಧತಿ ಸರಿಯೆನಿಸಿದರೂ ಊರು ದೂರವಿದ್ದವರಿಗೆ ಅನ್ಯಾಯ. ಹೋದ ವರ್ಷ ಸಿಕ್ಕವರು ಈ ವರ್ಷ ಬಿಟ್ಟುಕೊಡುವ ಸರದಿಯೇ ಮೇಲು, ಸರದಿಯ ಪಟ್ಟಿ ಜೂನ್‌ನೊಳಗೆ ಸಿದ್ಧವಿರಬೇಕು.

ಜೂನ್ ಯಾಕೆಂದರೆ ರೈಲು. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ಮಾತ್ರ. ಗಣೇಶನಿಗೆ ಸೆಪ್ಟೆಂಬರ್ 11 ಶುಕ್ರವಾರ ರಾತ್ರಿ ಹೊರಡುವ ಗಾಡಿಗೆ ಜುಲೈ 13ರ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುತ್ತದೆ. ರಜೆ ಮಂಜೂರಾಗಲಿ ಆಮೇಲೆ ನೋಡೋಣ ಎಂದು ಆಗಸ್ಟ್‌ವರೆಗೆ ಕಾದವರಿಗೆ ವೇಟಿಂಗ್ ಲಿಸ್ಟ್, ಇಲ್ಲವೇ ಖಾಸಗಿ ಬಸ್ಸಿನ ಹಬ್ಬದ ದರ.

ಕಡೆಯದಾಗಿ ಕೆಲಸ ಬಿಡುವ ಹೊತ್ತು. ರಾಜೀನಾಮೆ ಕೊಡುವ ಮುಂಚೆಯೇ ರಜೆಯ ಬಾಕಿ ತೋರಿಸುವ ಪುಟದ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಕೊನೆಯ ದಿನ ಸಂಜೆ ಲಾಗಿನ್ ಮುಚ್ಚಿದ ಮೇಲೆ ಅದು ನಿಮಗೆ ಕಾಣುವುದಿಲ್ಲ. ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಅಷ್ಟು ದಿನ ಅವಧಿ ಹಿಗ್ಗಿಸುವ ಕಂಪನಿಗಳಿವೆ, ಮೊದಲೇ ಕೇಳಿ ತಿಳಿಯಿರಿ. ಕೆಲಸದಲ್ಲಿರುವಾಗಲೇ ನಗದು ಮಾಡಿಕೊಂಡ ರಜೆಗೆ ಆದಾಯ ತೆರಿಗೆ ಪೂರ್ತಿ ಬೀಳುತ್ತದೆ. ನಿವೃತ್ತಿಯಲ್ಲೋ ರಾಜೀನಾಮೆಯಲ್ಲೋ ಬಂದದ್ದಕ್ಕೆ ಖಾಸಗಿ ನೌಕರರಿಗೂ ವಿನಾಯಿತಿಯಿದೆ. ಅದಕ್ಕೆ ಲೆಕ್ಕದ ಇತರ ಮಿತಿಗಳೂ ಇವೆ, ಅವೆಲ್ಲ ಸೇರಿ ಜೀವಮಾನದಲ್ಲಿ 25 ಲಕ್ಷ ದಾಟುವಂತಿಲ್ಲ. 2023ರ ಏಪ್ರಿಲ್‌ಗೆ ಮುಂಚೆ ಈ ಗರಿಷ್ಠ 3 ಲಕ್ಷವಷ್ಟೇ ಇತ್ತು. ಹಿಂದಿನ ಕಂಪನಿಯಲ್ಲಿ ಈ ವಿನಾಯಿತಿ ಪಡೆದಿದ್ದರೆ ಆ ಮೊತ್ತ ಇದರಲ್ಲೇ ಕಳೆಯುತ್ತದೆ, ಹಾಗಾಗಿ ಹಳೆಯ ಲೆಕ್ಕ ಚುಕ್ತಾ ಆದ ಕಾಗದಗಳನ್ನು ಬಿಸಾಡಬೇಡಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಸಂಬಳದ ಚೀಟಿ ತಂದವರು ಮುಂದೆ ಬನ್ನಿ, ಭಾಜಕದ ಲೆಕ್ಕವನ್ನು ಇಲ್ಲೇ ಹಾಕಿ ನೋಡೋಣ.