ಪಿಕಾಲ್ಯೋವೊದ ಮೂರು ಕಾರ್ಖಾನೆಗಳು

ಕೇಳುಗರೇ, ನಮಸ್ಕಾರ.

ಬೆಲೆಗಳ ಮೇಲಿನ ಸರ್ಕಾರಿ ಹಿಡಿತವನ್ನು ಒಂದೇ ಆದೇಶದಲ್ಲಿ ತೆಗೆದುಹಾಕಬಹುದು. ರಷ್ಯಾ ಅದನ್ನು ಮಾಡಿಯೇ ತೋರಿಸಿತು. 1992ರ ಜನವರಿ 2ರಂದು ಬ್ರೆಡ್, ಹಾಲು, ಇಂಧನದಂತಹ ಕೆಲವನ್ನು ಬಿಟ್ಟು ಉಳಿದ ಬಹುಪಾಲು ಸರಕುಗಳ ಬೆಲೆಯನ್ನು ಮಾರುಕಟ್ಟೆಗೆ ಒಪ್ಪಿಸಿತು. ಆ ಒಂದೇ ವರ್ಷದಲ್ಲಿ ಬೆಲೆಗಳು 25 ಪಟ್ಟಿಗೂ ಮೇಲೆ ಏರಿದವು, ಜನರ ಉಳಿತಾಯ ಕರಗಿಹೋಯಿತು. ಆ ಕಥೆಯನ್ನು ಅನೇಕರು ಹೇಳಿದ್ದಾರೆ. ಯಾವ ಆದೇಶಕ್ಕೂ ಬಗ್ಗದೆ ಉಳಿದದ್ದು ಬೇರೆಯೇ ಇತ್ತು. ಸೋವಿಯತ್ ಕಾಲದ ಸರ್ಕಾರಿ ಯೋಜನೆ ಎಲ್ಲಿ ಕಾರ್ಖಾನೆ ಕಟ್ಟಿತ್ತು, ಯಾವುದನ್ನು ಯಾವುದಕ್ಕೆ ಜೋಡಿಸಿತ್ತು ಎಂಬುದು.

1921ರಲ್ಲಿ ಹುಟ್ಟಿದ ಸೋವಿಯತ್ ಯೋಜನಾ ಸಂಸ್ಥೆ ಗಾಸ್‌ಪ್ಲಾನ್‌ನ ಕಣ್ಣಿಗೆ ಇಡೀ ದೇಶವೇ ಒಂದು ಕಾರ್ಖಾನೆ. ಒಂದೇ ಸರಕನ್ನು ಹಲವರು ಪೈಪೋಟಿಯಲ್ಲಿ ತಯಾರಿಸುವುದು ಅದರ ಲೆಕ್ಕದಲ್ಲಿ ದಂಡದ ಖರ್ಚು. ಹಾಗಾಗಿ ಅನೇಕ ಸರಕುಗಳಿಗೆ ಒಬ್ಬನೇ ತಯಾರಕ, ಅವನಿಗೆ ಗೊತ್ತುಮಾಡಿದ ಗಿರಾಕಿ. ಕಾರ್ಖಾನೆಯ ಸುತ್ತ ಊರು ಬೆಳೆಯುತ್ತಿತ್ತು. ಮನೆ, ಶಿಶುವಿಹಾರ, ಚಿಕಿತ್ಸಾಲಯ, ಚಳಿಗಾಲದ ಶಾಖ ಎಲ್ಲವೂ ಕಾರ್ಖಾನೆಯದೇ. ಇಂತಹ ಊರಿಗೆ ರಷ್ಯನ್ನರು 'ಮೊನೊಗೊರೊದ್' ಎನ್ನುತ್ತಾರೆ. ಸೋವಿಯತ್ ಒಕ್ಕೂಟ ಅಳಿದು ಎರಡು ದಶಕ ಕಳೆದ ಮೇಲೂ ಸರ್ಕಾರದ ಪಟ್ಟಿಯಲ್ಲಿ ಇಂತಹ 300ಕ್ಕೂ ಹೆಚ್ಚು ಊರುಗಳಿದ್ದವು.

ಸೇಂಟ್ ಪೀಟರ್ಸ್‌ಬರ್ಗ್‌ನ ಪೂರ್ವಕ್ಕಿರುವ ಪಿಕಾಲ್ಯೋವೊ ಅವುಗಳಲ್ಲಿ ಒಂದು. ಸುಮಾರು ಇಪ್ಪತ್ತು ಸಾವಿರ ಜನರ ಊರು. ದೂರದ ಕೋಲಾ ಪರ್ಯಾಯ ದ್ವೀಪದಿಂದ ನೆಫೆಲಿನ್ ಎಂಬ ಖನಿಜ ರೈಲಿನಲ್ಲಿ ಬರುತ್ತಿತ್ತು. ಅದರಿಂದ ಅಲ್ಯೂಮಿನಿಯಂಗೆ ಬೇಕಾದ ಕಚ್ಚಾವಸ್ತು ಅಲ್ಯೂಮಿನಾ ತೆಗೆದರೆ ಉಳಿಯುವ ಕೆಸರು ಸಿಮೆಂಟಿಗೆ, ಉಳಿಯುವ ದ್ರಾವಣ ಸೋಡಾ ಮತ್ತು ಪೊಟ್ಯಾಶ್‌ಗೆ. ಏನೂ ಪೋಲಾಗದ ಏರ್ಪಾಡು. ಎಂಜಿನಿಯರಿಂಗ್ ದೃಷ್ಟಿಯಿಂದ ಸೊಗಸಾದದ್ದೇ. ಯೋಜನೆಯ ಟೀಕಾಕಾರರು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಖಾಸಗೀಕರಣದ ನಂತರ ಮೂರು ಕಾರ್ಖಾನೆಗಳ ಈ ಸರಪಳಿ ಮೂವರು ಮಾಲೀಕರ ಪಾಲಾಯಿತು. ಮನೆ ಪಾಲಾಯಿತು, ಒಲೆ ಮಾತ್ರ ಒಂದೇ ಉಳಿಯಿತು. ಕೆಸರಿಗೆ ಪೇಟೆಯ ಧಾರಣೆ ಎಂಬುದಿಲ್ಲ. ಮಾರುವವನೂ ಒಬ್ಬ, ಕೊಳ್ಳುವವನೂ ಒಬ್ಬ. ಯಾರ ಕೈ ಮೇಲೋ ಅವರು ಹೇಳಿದ್ದೇ ಬೆಲೆ. 2008ರ ಜಾಗತಿಕ ಬಿಕ್ಕಟ್ಟು ಬಂದಾಗ, ಕಚ್ಚಾವಸ್ತುವಿನ ಬೆಲೆ ಗಿಟ್ಟುವುದಿಲ್ಲವೆಂದು ಅಲ್ಯೂಮಿನಾ ಘಟಕ ಕೆಲಸ ನಿಲ್ಲಿಸಿತು. ಅದರ ಹಿಂದೆಯೇ ಉಳಿದ ಎರಡೂ ನಿಂತವು. ಸಂಬಳ ಬಾಕಿ ಬಿತ್ತು. ಊರಿಗೆ ಬಿಸಿನೀರು ಕೊಡುತ್ತಿದ್ದ ಸ್ಥಾವರವೂ ಕಾರ್ಖಾನೆಯದೇ ಆದ್ದರಿಂದ ನಲ್ಲಿಯಲ್ಲಿ ಬಿಸಿನೀರೂ ನಿಂತಿತು. 2009ರ ಜೂನ್ ಮೊದಲ ವಾರ ಜನ ಹೆದ್ದಾರಿ ತಡೆದರು.

ಎರಡು ದಿನಗಳಲ್ಲಿ ಆಗಿನ ಪ್ರಧಾನಿ ಪುಟಿನ್ ಬಂದಿಳಿದರು. ದೂರದರ್ಶನದ ಕ್ಯಾಮೆರಾಗಳ ಎದುರಿಗೇ ಅಲ್ಯೂಮಿನಾ ಘಟಕದ ಮಾಲೀಕ, ಉದ್ಯಮಿ ಒಲೆಗ್ ಡೆರಿಪಾಸ್ಕಾರನ್ನು ಮೇಜಿನ ಬಳಿ ಕರೆದು, ಪೂರೈಕೆ ಒಪ್ಪಂದಕ್ಕೆ ಸಹಿ ಹಾಕಿಸಿದರು. ತಮ್ಮ ಪೆನ್ನನ್ನು ವಾಪಸ್ಸು ಕೇಳಿ ಪಡೆದದ್ದೂ ಆಗ ದೊಡ್ಡ ಸುದ್ದಿ. ಅದು ಚೆನ್ನಾಗಿ ಒಪ್ಪವಾದ ನಾಟಕವೆನ್ನುವುದು ಸರಿಯೇ. ಆದರೆ ನಾಟಕದ ಒಳಗೆ ನಡೆದದ್ದು ಗಾಸ್‌ಪ್ಲಾನ್‌ನ ಹಳೆಯ ಕೆಲಸ: ಯಾರು ಯಾರಿಗೆ ಏನು ಕೊಡಬೇಕೆಂದು ಸರ್ಕಾರ ಹೇಳುವುದು. ಬೆಲೆ ಬಿಡುಗಡೆಯಾಗಿ ಆಗಲೇ 17 ವರ್ಷ ಕಳೆದಿತ್ತು.

ಚೀನಾ ಬೇರೆ ದಾರಿ ಹಿಡಿಯಿತಲ್ಲ ಎಂದು ನೀವು ಕೇಳಬಹುದು. ಹೌದು, 1980ರ ದಶಕದಲ್ಲಿ ಅಲ್ಲಿ ಎರಡು ಬೆಲೆಗಳ ಪದ್ಧತಿ ಇತ್ತು. ಯೋಜನೆಯ ಪಾಲನ್ನು ಹಳೆಯ ಬೆಲೆಗೆ ಒಪ್ಪಿಸಿ, ಹೆಚ್ಚುವರಿಯನ್ನು ಪೇಟೆಯ ಬೆಲೆಗೆ ಮಾರಬಹುದಿತ್ತು. ಎರಡು ಬೆಲೆಗಳ ನಡುವಿನ ಅಂತರದಲ್ಲಿ ಅಧಿಕಾರಿಗಳು ಜೇಬು ತುಂಬಿಕೊಂಡರು, ಅದು ಜನರ ಸಿಟ್ಟಿಗೂ ಕಾರಣವಾಯಿತು. ಆದರೂ ಕಾರ್ಖಾನೆಗಳ ನಡುವಿನ ಕೊಂಡಿಗಳು ಒಮ್ಮೆಲೇ ಕಡಿದುಹೋಗಲಿಲ್ಲ. ರಷ್ಯಾಕ್ಕೆ ಆ ದಾರಿ 1992ರಲ್ಲಿ ತೆರೆದಿತ್ತೆಂದು ನನಗೆ ಅನ್ನಿಸುವುದಿಲ್ಲ. ಹಳೆಯ ಪಾಲನ್ನು ಒಪ್ಪಿಸಲೇಬೇಕೆಂದು ಗದರಿಸಲು ಚೀನಾದಲ್ಲಿ ಪಕ್ಷವಿತ್ತು, ಆಡಳಿತವಿತ್ತು. ಮಾಸ್ಕೋದಲ್ಲಿ ಅಷ್ಟು ಹೊತ್ತಿಗೆ ಒಕ್ಕೂಟವೂ ಇರಲಿಲ್ಲ, ಗಾಸ್‌ಪ್ಲಾನೂ ಇರಲಿಲ್ಲ.

ನಮಸ್ಕಾರ.